ಮುತ್ತಮ್ಮ ಹಾಕಿಸಿದ ಮೂರನೇ ಗೆರೆ

ಹನ್ನೆರಡನೇ ಕ್ಲಾಸಿನ ಜೀವಶಾಸ್ತ್ರದಲ್ಲಿ ಎರಡೇ ಎರಡು ಪಾಠಗಳಿಗೆ ಯಾರೂ ತೂಕಡಿಸುವುದಿಲ್ಲ. ಒಂದು ಭ್ರೂಣ ಬೆಳೆಯುವ ಪಾಠ, ಇನ್ನೊಂದು ಅನುವಂಶೀಯತೆ. ಮೊದಲನೆಯದು ನಡೆಯುವಾಗ ಹುಡುಗರು ಬೆಂಚಿನ ಕೆಳಗೆ ತಲೆ ಹಾಕಿ ನಗುತ್ತಾರೆ, ಹುಡುಗಿಯರು ಎಂದೂ ಇಲ್ಲದ ಶ್ರದ್ಧೆಯಿಂದ ಪುಸ್ತಕ ನೋಡುತ್ತಾರೆ. ಎರಡನೆಯದು ಶುರುವಾದರೆ ಎಲ್ಲರೂ ಪಕ್ಕದವರ ಕಿವಿಯ ಹಾಲೆ ಅಂಟಿದೆಯೋ ಜೋತಿದೆಯೋ ಎಂದು ಎಳೆದು ನೋಡುತ್ತಾರೆ.

ನಾನು ಶಾಂತಾ. ಮನೆ ಸೇಲಂನಲ್ಲಿ, ಕೆಲಸ ಪಾಪಿರೆಡ್ಡಿಪಟ್ಟಿ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ. ದಿನಾ ಏಳರ ಬಸ್ಸಿಗೆ ಘಾಟಿ ಹತ್ತಿ ಬರುತ್ತೇನೆ. ಪಾಠ ಮಾಡುವುದು ತಮಿಳಿನಲ್ಲಿ, ಬೈಯುವುದು ಕನ್ನಡದಲ್ಲಿ. ಕ್ಲಾಸಿನ ಅರ್ಧ ಮಕ್ಕಳು ಮನೆಯಲ್ಲಿ ಕನ್ನಡ ಆಡುವ ಕುರಿ ಸಾಕುವವರ ಮಕ್ಕಳು, ಬೈಗುಳ ಮನೆಮಾತಿನಲ್ಲಿದ್ದರೇ ನಾಟುವುದು. ನನಗೆ ಕೋಪ ಮೂಗಿನ ತುದಿಯಲ್ಲೇ ಎಂದು ನನ್ನ ಗಂಡ ರಘುಪತಿ ಹೇಳುತ್ತಾರೆ. ಅವರು ಹೇಳಿದರೆ ಒಪ್ಪಲೇಬೇಕು, ನಾನು ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದಾಗಿನಿಂದ ನೋಡಿದವರು. ಅವರು ನನ್ನ ಅಮ್ಮನ ತಮ್ಮ.

ಹೌದು, ಸ್ವಂತ ತಾಯಿಮಾಮ. ಇವತ್ತಿಗೂ ನಾನು ಕರೆಯುವುದು ಮಾಮ ಎಂದೇ. ಒಳ್ಳೆಯ ಗಂಡ, ದೂರುವುದಕ್ಕೆ ಏನೂ ಇಲ್ಲ. ನಮ್ಮ ಕಡೆ ಮನೆಗೊಂದು ಇಂಥ ಮದುವೆ ಇರುವುದರಿಂದ ಮುಚ್ಚಿಡುವುದಕ್ಕೂ ಏನಿಲ್ಲ. ಆದರೆ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಅಡಗಿಕೊಂಡಿದ್ದ ದೋಷ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು ಎಂದು ಪಾಠದಲ್ಲಿ ಒಂದು ಸಾಲಿದೆ. ಆ ಸಾಲು ಬಂದಾಗ ನಾನು ಪ್ರತಿ ವರ್ಷವೂ ಸ್ವಲ್ಪ ಬೇಗ ಬೇಗ ಓದಿಬಿಡುತ್ತೇನೆ.

ಈ ವರ್ಷ ಮನೆಕೆಲಸವೆಂದು ಮೂರು ತಲೆಮಾರಿನ ವಂಶದ ನಕ್ಷೆ ಬರೆದು ತರಲು ಹೇಳಿದ್ದೆ. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು, ಏನಾದರೂ ದೋಷವಿದ್ದವರಿಗೆ ಒಳಗೆ ಮಸಿ. ಗಂಡ ಹೆಂಡಿರ ನಡುವೆ ಒಂದು ಗೆರೆ, ಮೊದಲೇ ರಕ್ತಸಂಬಂಧಿಗಳಾಗಿದ್ದರೆ ಎರಡು ಗೆರೆ. ಮೂವತ್ತನಾಲ್ಕು ಚಾರ್ಟು ಬಂದವು. ಮುನಿಲಕ್ಷ್ಮಿಯ ಚಾರ್ಟಿನಲ್ಲಿ ಒಂಟಿ ಗೆರೆಯೇ ಇರಲಿಲ್ಲ.

“ಏನೇ ಇದು, ರೈಲು ಹಳಿ ಹಾಕಿದ್ದೀಯಾ?” ಎಂದೆ.

“ಅಜ್ಜಿ ಆಕ್ಸಿದ್ದು ಮಿಸ್.”

ಇವಳು ಬರೆಯುತ್ತಿದ್ದಾಗ ಅಜ್ಜಿ ಮುತ್ತಮ್ಮ ಪಕ್ಕದಲ್ಲಿ ಕೂತು ಗೆರೆಗಳ ಅರ್ಥ ಕೇಳಿ ತಿಳಿದುಕೊಂಡಿದ್ದಾಳೆ. ಒಂದು ಗೆರೆ ಎಂದರೆ ಹೊರಗಿನ ಸಂಬಂಧ ಎಂದು ಗೊತ್ತಾದದ್ದೇ ತಡ, ಮರ್ಯಾದೆ ಹೋದಂತಾಗಿದೆ. “ನಮ್ಮನೇಗೆ ಗೊತ್ತುಗುರಿ ಇಲ್ದೋರ್ನ ಯಾವತ್ತು ತಂದಿದೀವಿ? ಎಲ್ಲಾರ್ಗೂ ಎರಡೆರಡು ಆಕು” ಎಂದಿದ್ದಾಳೆ. ಅಷ್ಟಕ್ಕೇ ನಿಲ್ಲಲಿಲ್ಲ. ಮುನಿಲಕ್ಷ್ಮಿಯ ಅಪ್ಪ ಮುತ್ತಮ್ಮನ ತಮ್ಮ, ಅವ್ವ ಮುತ್ತಮ್ಮನ ಮಗಳು. ಇದಕ್ಕಿಂತ ಗಟ್ಟಿ ಸಂಬಂಧ ಯಾವ ಊರಲ್ಲೈತೆ ಎಂದು ಅವರಿಬ್ಬರ ನಡುವೆ ಮೂರನೇ ಗೆರೆಯನ್ನೂ ಎಳೆಸಿದ್ದಾಳೆ.

ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಆ ಮೂರು ಗೆರೆಯ ಕೆಳಗೆ ಮಸಿ ತುಂಬಿದ ಒಂದು ಚೌಕ ಕಂಡಾಗ ನಗು ನಿಂತಿತು.

“ಗೋಪಿಯಣ್ಣ ಮಿಸ್. ಉಟ್ಟಿದಾಗಿಂದ ಕಿವಿ ಕೇಳಲ್ಲ. ಸೇಲಂನಲ್ಲಿ ಬೆಳ್ಳಿ ಗೆಜ್ಜೆ ಮಾಡೋ ಕಡೆ ಕೆಲ್ಸ.”

ಅವನ ಪಕ್ಕದ ದುಂಡು ಮುನಿಲಕ್ಷ್ಮಿ. ಅಲ್ಲಿಂದ ಪೆನ್ಸಿಲಿನ ತೆಳು ಗೆರೆಯೊಂದು ಓರೆಯಾಗಿ ಒಂದು ತಲೆಮಾರು ಮೇಲಕ್ಕೆ ಹತ್ತಿ ರಾಜಗೋಪಾಲ್ ಎಂಬ ಚೌಕಕ್ಕೆ ಸೇರಿತ್ತು.

“ಮಾಮ, ಅವ್ವನ ತಮ್ಮ. ಎಕ್ಸಾಮ್ ಮುಗೀಲಿ, ಚಿತ್ತಿರೈ ಮಾಸಂ ಮದ್ವೆ ಅಂತ ತಾತ, ಅಜ್ಜಿ ಮಾತಾಡವ್ರೆ.” ಹಾಜರಿ ಹೇಳಿದಷ್ಟು ಸಲೀಸಾಗಿ ಹೇಳಿದಳು.

“ನಿನಗೆ ಇಷ್ಟವಾ?”

“ಮಾಮ ನಲ್ಲವರು ಮಿಸ್. ಕುಡಿಯಲ್ಲ, ಬಯ್ಯಲ್ಲ. ನಾನು ನರ್ಸಿಂಗ್ ಓದ್ಬೇಕು ಅಂತಿದ್ದೆ.” ಚಾರ್ಟಿನ ಮೂಲೆಯನ್ನು ಸುರುಳಿ ಸುತ್ತಿದಳು. “ಅದೂ ಓಗ್ಲಿ ಬಿಡಿ. ಗೋಪಿಯಣ್ಣ ಸ್ಕೂಲಲ್ಲಿ ಪಟ್ಟ ಪಾಡು ನಾನು ನೋಡಿದೀನಿ. ನನ್ ಮಗೂಗೂ ಅಂಗೇ ಆದ್ರೆ? ನೀವೇ ಪಾಠದಲ್ಲಿ ಯೋಳಿದ್ರಲ್ಲ. ಮನೇಲಿ ನನ್ ಮಾತು ಯಾರೂ ಕೇಳಲ್ಲ. ನೀವ್ ಬಂದು ಯೋಳ್ತೀರಾ ಮಿಸ್?”

ಆಗೇ ಆಗುತ್ತದೆ ಎನ್ನಲು ನನಗೆ ಬಾರದು, ಆಗುವುದಿಲ್ಲ ಎನ್ನಲೂ ಬಾರದು. ಅದಕ್ಕಿಂತ ಹೆಚ್ಚಾಗಿ, ನಾನು ಯಾವ ಮುಖ ಇಟ್ಟುಕೊಂಡು ಹೇಳಲಿ? “ನೋಡೋಣ” ಎಂದೆ. ಹೇಡಿಗಳಿಗೆ ಇದಕ್ಕಿಂತ ಅನುಕೂಲವಾದ ಮಾತು ಇನ್ನೊಂದಿಲ್ಲ.

ವಾರವೆಲ್ಲ ಬಸ್ಸಿನಲ್ಲಿ ಕೂತು ನನ್ನನ್ನೇ ಬೈದುಕೊಂಡೆ. ಕೊನೆಗೆ ಒಂದು ಉಪಾಯ ಹೊಳೆಯಿತು. ನಮ್ಮ ಲ್ಯಾಬಿನಲ್ಲಿ ಗಾಜಿನ ಜಾಡಿಯೊಳಗೆ ಕುರಿಯ ಭ್ರೂಣವೊಂದಿದೆ. ಚೀಟಿ ಉದುರಿಹೋಗಿ ಅದು ಎಷ್ಟು ತಿಂಗಳದ್ದೆಂದು ಯಾರಿಗೂ ಗೊತ್ತಿಲ್ಲ. ಅದನ್ನು ನೋಡಿ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ಮುನಿಲಕ್ಷ್ಮಿಯ ತಾತ, ಮುತ್ತಮ್ಮನ ಗಂಡ, ಕುರಿ ಸಾಕುವ ಗೋವಿಂದಪ್ಪನಿಗೆ ಹೇಳಿಕಳಿಸಿದೆ. ಪಾಠ ಮುಗಿದ ಮೇಲೆ ಒಬ್ಬನನ್ನೇ ಕೂರಿಸಿಕೊಂಡು, ಟೀ ಕುಡಿಸಿ, ಮೆಲ್ಲಗೆ ವಿಷಯ ತೆಗೆಯುವುದು ನನ್ನ ಲೆಕ್ಕಾಚಾರ.

ಗೋವಿಂದಪ್ಪ ಬಿಳಿ ಪಂಚೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಸಭೆಗೆ ಬರುವವನ ಗತ್ತಿನಲ್ಲಿ ಬಂದ. ಜಾಡಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ.

“ಎರಡೂವರೆ ತಿಂಗ್ಳು. ಮೈಮೇಲೆ ಕೂದ್ಲು ಬಂದಿಲ್ಲ, ಗೊರಸು ಇನ್ನೂ ಮೆತ್ತಗೈತೆ. ಎಣ್ಮರಿ. ಯಾರ್ ಟೀಚರಮ್ಮ ಇದ್ನ ಉಪ್ಪಿನ್ಕಾಯಿ ಆಕಿದ್ದು?”

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆಮೇಲೆ ಅರ್ಧ ಗಂಟೆ ನನಗೇನೂ ಕೆಲಸವಿರಲಿಲ್ಲ. ಕುರಿ ಐದು ತಿಂಗಳು ಹೊರುವುದು, ಹೊಟ್ಟೆ ಮುಟ್ಟಿ ಅವಳಿ ಮರಿ ಕಂಡುಹಿಡಿಯುವುದು, ಅಡ್ಡ ಬಂದ ಮರಿಯನ್ನು ಒಳಗೇ ತಿರುಗಿಸುವುದು, ಎಲ್ಲವನ್ನೂ ತಮಿಳಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದ. ಹುಡುಗರು ನಗುವುದನ್ನೂ ಮರೆತು ಕೇಳಿದರು. ನಾನು ಎಂಟು ವರ್ಷದಿಂದ ಗಂಟಲು ಹರಿದುಕೊಂಡರೂ ಹೀಗೆ ಕೇಳಿದವರಲ್ಲ.

ಹಿಂದಿನ ಬೆಂಚಿನಿಂದ ಒಬ್ಬ, ಟಗರನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೀರಂತಲ್ಲ, ಯಾಕೆ ಎಂದು ಕೇಳಿದ.

“ಅದಿಯಮಾನ್‌ಕೋಟೆ ಮಂದೆಯೋರ್ಗೆ ನಮ್ದು ಕೊಟ್ಟು ಅವರ್ದು ತರ್ತೀವಿ. ಇಲ್ಲೇ ಬಿಟ್ರೆ ಅದು ಇಕ್ಕಿದ ಮರಿಗಳೇ ಬೆಳ್ದು ಮಂದೇಲಿ ನಿಂತಿರ್ತಾವೆ. ಮಗಳ ಮ್ಯಾಲೆ ಬಿಡಾಕಾಯ್ತದಾ? ಮರಿ ಸೊರಗ್ತಾವೆ, ಕುಂಟು, ಕುರುಡು ಉಟ್ತಾವೆ. ನಮ್ ತಾತನ್ ಕಾಲ್ದಿಂದ್ಲೂ ಈ ಕಟ್ಟು ಐತೆ.”

ಮುನಿಲಕ್ಷ್ಮಿ ಎದ್ದು ನಿಂತಳು. ನಾನು ಹೇಳಿಕೊಟ್ಟದ್ದಲ್ಲ, ದೇವರಾಣೆ.

“ತಾತ, ಮಗಳು ಬ್ಯಾಡ. ಟಗರಿನ ಅಕ್ಕನ ಮಗಳಾದ್ರೆ?”

“ಅದೂ ಬ್ಯಾಡ. ಅದೂ ಒಂದೇ ರಕ್ತ ಅಲ್ವೇನೇ? ಮೊದ್ಲು ಒಂದೆರಡು ಚೆನ್ನಾಗೇ ಉಟ್ತಾವೆ, ಆಮ್ಯಾಕೆ ಒಂದು...”

ಅಲ್ಲಿಗೆ ಅವನ ಮಾತು ನಿಂತಿತು. ಕನ್ನಡದ ಮಕ್ಕಳಿಗೆ ತಕ್ಷಣ ಅರ್ಥವಾಯಿತು. ಉಳಿದವರಿಗೆ ಪಕ್ಕದವರು ತಮಿಳಿನಲ್ಲಿ ಪಿಸುಗುಟ್ಟಿ ಮುಗಿಸುವ ಹೊತ್ತಿಗೆ ಇಡೀ ಕ್ಲಾಸು ತಾತ ಮೊಮ್ಮಗಳನ್ನೇ ನೋಡುತ್ತಿತ್ತು.

ಗೋವಿಂದಪ್ಪ ದಡ್ಡನಲ್ಲ. ಮೊಮ್ಮಗಳನ್ನು ಬಿಟ್ಟು ನನ್ನ ಕಡೆ ತಿರುಗಿದ. “ಟೀಚರಮ್ಮ, ನಿಮ್ ಯಜಮಾನ್ರು ನಿಮ್ಗೆ ತಾಯಿಮಾಮ ಅಲ್ವಾ? ಕಂಡಕ್ಟರ್ ಮುರುಗೇಶನ್ ಯೋಳಿದ.”

“ಹೌದು.”

“ಮಗು?”

“ಒಬ್ಬಳು, ತನ್ಮಯಿ. ಏಳು ವರ್ಷ. ಚೆನ್ನಾಗಿದ್ದಾಳೆ.”

“ಮತ್ತೆ?”

ಮೂವತ್ತನಾಲ್ಕು ತಲೆಗಳು ನನ್ನತ್ತ ತಿರುಗಿದವು. ಕೈಯಲ್ಲಿ ಸೀಮೆಸುಣ್ಣವಿತ್ತು, ನಾಲ್ಕರಲ್ಲಿ ಒಂದು ಎಂಟರಲ್ಲಿ ಒಂದು ಎಂದು ಸಾಧ್ಯತೆಯ ಲೆಕ್ಕ ಬರೆದು ತಪ್ಪಿಸಿಕೊಳ್ಳಬಹುದಿತ್ತು. ನನಗೆ ನನ್ನ ಮೇಲೇ ರೇಗಿಹೋಯಿತು.

“ಅವಳು ಹುಟ್ಟಿದಾಗ ನಾನು ಮೊದಲು ಮುಖ ನೋಡಲಿಲ್ಲ ತಾತ,” ಎಂದೆ. “ಕಿವಿಯ ಹತ್ತಿರ ಚಪ್ಪಾಳೆ ತಟ್ಟಿದೆ. ಬೆಚ್ಚಿ ಅತ್ತಳು. ಆಮೇಲೆ ಮುಖ ನೋಡಿದೆ. ಒಂಬತ್ತು ತಿಂಗಳೂ ಹೆದರಿಕೊಂಡೇ ಇದ್ದೆ. ಇದನ್ನೆಲ್ಲ ಓದಿದವಳು ನಾನು, ಮದುವೆಗೆ ಮುಂಚೆಯೇ ಗೊತ್ತಿತ್ತು. ಅಮ್ಮನ ಎದುರು ನಿಂತು ಬೇಡ ಅನ್ನೋಕೆ ಧೈರ್ಯ ಬರಲಿಲ್ಲ. ನನಗೆ ಒಳ್ಳೇದಾಯ್ತು. ಅದು ಅದೃಷ್ಟ, ನನ್ನ ಜಾಣತನ ಅಲ್ಲ.”

ಗೋವಿಂದಪ್ಪ ಮುಂದಿನ ಬೆಂಚಿನ ತುದಿಯಲ್ಲಿ ಮೊಮ್ಮಗಳ ಪಕ್ಕ ಕೂತುಬಿಟ್ಟ.

“ಗೋಪಿಗೆ ನಾವೂ ತಟ್ಟಿದ್ವಿ,” ಎಂದ. “ವರ್ಸ ತುಂಬಿದ್ರೂ ಕರೆದ್ರೆ ತಿರುಗ್ತಿರ್ಲಿಲ್ಲ. ಚಪ್ಪಾಳೆ ತಟ್ಟಿದ್ವಿ, ತಟ್ಟೆ ಬಡಿದ್ವಿ, ತಮಟೆಯೋನ್ನ ಕರ್ಸಿ ಬಡ್ಸಿದ್ವಿ. ಅವನು ನಮ್ ಕೈ ನೋಡ್ಕೊಂಡು ನಗ್ತಾನೇ ಇದ್ದ.”

ಮುನಿಲಕ್ಷ್ಮಿ ತಾತನ ಪಂಚೆಯ ಅಂಚು ಹಿಡಿದುಕೊಂಡಿದ್ದಳು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ಕೊನೆಗೆ ಎದ್ದವನು ಗೋವಿಂದಪ್ಪನೇ.

“ರಾಜಗೋಪಾಲನ್ಗೆ ನಾನು ಯೋಳ್ತೀನಿ. ಅವನೂ ಇವಳ್ನ ಎತ್ತಿ ಆಡ್ಸಿದೋನು, ಬೇಜಾರ್ ಮಾಡ್ಕಳಲ್ಲ. ಓದ್ಲಿ, ಅದೇನೋ ನರ್ಸು ಅಂತಿದ್ಳಲ್ಲ, ಓದ್ಲಿ.” ಬಾಗಿಲವರೆಗೆ ಹೋದವನು ನಿಂತ. “ಆದ್ರೆ ಟೀಚರಮ್ಮ, ಮುತ್ತಮ್ಮನ್ಗೆ ಯೋಳೋದು ನನ್ ಕೈಲಾಗಲ್ಲ. ನಲವತ್ತು ವರ್ಸದಲ್ಲಿ ಅವಳ ಮುಂದೆ ಒಂದ್ ಮಾತೂ ಗೆದ್ದಿಲ್ಲ ನಾನು. ನೀವೇ ಬಂದು ಯೋಳ್ಬೇಕು.”

ಮುನಿಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು.

“ಭಾನುವಾರ ಬರ್ತೀನಿ,” ಎಂದೆ. “ನಮ್ಮ ಮಾಮನ್ನೂ ಕರ್ಕೊಂಡು ಬರ್ತೀನಿ.”

ಇಪ್ಪತ್ತೆರಡನೇ ವಯಸ್ಸಿನಲ್ಲಿ ನನ್ನ ಅಮ್ಮನಿಗೆ ಹೇಳಬೇಕಾಗಿದ್ದ ಮಾತನ್ನು ಮೂವತ್ತೈದಕ್ಕೆ ಇನ್ನೊಬ್ಬರ ಅಜ್ಜಿಗೆ ಹೇಳಲು ಹೊರಟಿದ್ದೆ. ಮುತ್ತಮ್ಮನ ಬಾಯಿಗೆ ಹೆದರಲಿಲ್ಲ, ನನ್ನ ಬಾಯಿಯೂ ಕಡಿಮೆಯದಲ್ಲ. ಹೆದರಿದ್ದು ಸಂಜೆಯ ಬಸ್ಸಿನಲ್ಲಿ, ಸೇಲಂ ಹತ್ತಿರವಾದಂತೆ. ಭಾನುವಾರದೊಳಗೆ ಆ ಚಪ್ಪಾಳೆಯ ವಿಷಯವನ್ನು ಮಾಮನಿಗೆ ಹೇಳಬೇಕಿತ್ತು. ಏಳು ವರ್ಷದಿಂದ ಅವರು, ಮಗಳ ಮುಖವನ್ನು ಮೊದಲು ನೋಡಿದವಳು ನಾನೇ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ.