ಅತ್ತೆ ತಂಗುಮನೆಗೆ ಹೊರಟದ್ದು

ಮಾವನವರ ಖಾಕಿ ಬೆನ್ನುಚೀಲ ನಡುಮನೆಯ ಮಂಚದ ಮೇಲೆ ಬಾಯ್ತೆರೆದು ಕೂತಿತ್ತು. ಅತ್ತೆ ಅದರ ತಳಕ್ಕೆ ಕಂಬಳಿ ಒತ್ತಿ, ಮೇಲೆ ಅವಲಕ್ಕಿಯ ಡಬ್ಬ, ಪಕ್ಕಕ್ಕೆ ಟಾರ್ಚು ಇಡುತ್ತಿದ್ದರು. ಮದುವೆಯಾದಾಗಿನಿಂದ ಆ ಚೀಲವನ್ನು ತುಂಬಿದವರು ಅವರೇ. ಹೊತ್ತು ಬೆಟ್ಟ ಹತ್ತಿದವರು ಮಾತ್ರ ಮಾವ. ಬೆಟ್ಟದ ನೆತ್ತಿಯಲ್ಲಿ ಚಾರಣಿಗರು ರಾತ್ರಿ ಉಳಿಯಲೆಂದು ಕಲ್ಲಿನ ತಂಗುಮನೆಯೊಂದಿತ್ತು. ಮಾವ ಕಟ್ಟಿ ಬೆಳೆಸಿದ ಚಾರಣ ಸಂಘದ್ದೇ ಅದು. ಅವರು ತೀರಿಕೊಂಡ ಮೇಲೆ ಸಂಘದವರು ಅಲ್ಲಿ ಅವರ ಫೋಟೋ ತೂಗುಹಾಕಿ, ಒಂದು ರಾತ್ರಿ ಉಳಿದು ಬರುವುದೆಂದು ಗೊತ್ತುಮಾಡಿದ್ದರು.

"ಯಾರಿಗೆ ತುಂಬ್ತಿದ್ದೀರಿ ಅತ್ತೆ?" ಗೊತ್ತಿದ್ದೂ ಕೇಳಿದೆ.

"ನನಗೆ," ಎಂದರು ಅಂಬುಜಾಕ್ಷಮ್ಮನವರು, ತಲೆಯೆತ್ತದೆ.

ಅವರ ಮನಸ್ಸು ತಿರುಗಿಸಲು ನನ್ನ ಗಂಡ ನನ್ನನ್ನು ಕಳಿಸಿದ್ದರು. ತಾಯಿಯ ಎದುರು ತಾವೇ ನಿಂತು ಹೇಳುವ ಎದೆಗಾರಿಕೆ ಆ ಮನೆಯ ಗಂಡಸರಿಗೆ ಇರಲಿಲ್ಲ. ನಾನು ಮಂಡಿನೋವಿನ ಮಾತೆತ್ತಿದೆ, ಚಳಿಯ ಮಾತೆತ್ತಿದೆ.

"ಮಂಡಿ ನನ್ನದು, ನೋವೂ ನನ್ನದೇ. ನಿಮ್ಮ ಮಾವ ಪ್ರತಿ ಸಲ ಬಂದು, ಅಲ್ಲಿನ ಬೆಳಗು ನೋಡ್ಬೇಕು ಕಣೇ ಅನ್ನೋರು. ಬಾ ಅಂತ ಮಾತ್ರ ಬಾಯಿ ತಪ್ಪಿಯೂ ಅನ್ನಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ. ಫೋಟೋಗೆ ಹಾರ ಹಾಕಿದ ತಕ್ಷಣ ಹೋಗಿಬಿಡತ್ತಾ?"

ನಾನು ಬಂದ ಕೆಲಸ ಬಿಟ್ಟು, ಅವರ ಸ್ವೆಟರು ಮಡಚಿ ಚೀಲಕ್ಕಿಟ್ಟೆ.

ಸಂಜೆ ಸಂಘದ ಕಾರ್ಯದರ್ಶಿ ವಾಮನಮೂರ್ತಿ ಕಾರ್ಯಕ್ರಮದ ಏರ್ಪಾಟು ಮಾತಾಡಲು ಬಂದರು. ಬಾಗಿಲ ಪಕ್ಕ ಬಿಗಿದು ನಿಲ್ಲಿಸಿದ್ದ ಚೀಲ ನೋಡಿ ವಿಚಾರಿಸಿದಾಗ ಅವರಿಗೆ ವಿಷಯ ತಿಳಿಯಿತು.

"ನೀವು ಕೆಳಗೆ ಪ್ರವಾಸಿ ಬಂಗಲೆಯಲ್ಲಿ ಆರಾಮಾಗಿರಿ ಅಮ್ಮ. ಅಲ್ಲೇ ನಿಮಗೊಂದು ಶಾಲು ಹೊದಿಸ್ತೀವಿ."

"ಶಾಲು ನನ್ನ ಹತ್ರ ಬೇಕಾದಷ್ಟಿವೆ. ಮೇಲೆ ಮಲಗೋಕೆ ಒಂದು ಹಲಗೆ ಕೊಡಿ, ಸಾಕು."

ಕಾಫಿ ಮುಗಿಯುವ ತನಕ ಯೋಚಿಸಿದ ಮೂರ್ತಿಗಳ ಮುಖ ಇದ್ದಕ್ಕಿದ್ದಂತೆ ಅರಳಿತು. "ಬರೋದೇ ಆದ್ರೆ ಒಳ್ಳೇದಾಯ್ತು ಬಿಡಿ. ರಾತ್ರಿ ಅಡುಗೆ ನೀವು ನೋಡ್ಕೊಂಡ್ರೆ ನಮಗೂ ಒಂದು ಚಿಂತೆ ತಪ್ಪಿತು."

ನನಗೆ ಮೈಯೆಲ್ಲ ಉರಿಯಿತು. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಲೋಟ ತೆಗೆದುಕೊಂಡು ಒಳಗೆ ಹೋದರು.

ಕಾರ್ಯಕ್ರಮದ ದಿನ ನಾನೂ ಜೊತೆಗೆ ಹೊರಟೆ. ಬೆಟ್ಟವನ್ನು ಅತ್ತೆ ಕೂತು, ಎದ್ದು, ಮತ್ತೆ ಕೂತು ಹತ್ತಿದರು. ಚೀಲವನ್ನು ಯಾರ ಕೈಗೂ ಕೊಡಲಿಲ್ಲ. ಹೊತ್ತು ಮುಳುಗುವಾಗ ತಂಗುಮನೆ ಸೇರಿದೆವು. ಫೋಟೋ ಗೋಡೆಗೇರಿತು, ನಾಲ್ಕು ಮಾತೂ ಆದವು. ಆಮೇಲೆ ಮೂರ್ತಿಗಳು ರವೆಯ ಚೀಲ, ಈರುಳ್ಳಿ ತಂದು ಅತ್ತೆಯ ಮುಂದಿಟ್ಟರು.

ಅತ್ತೆ ಎದ್ದು ಹೋಗಿ ಬೆಂಚಿನ ಮೇಲೆ ಕೂತರು.

"ಇಲ್ಲೊಂದು ಕಟ್ಟಳೆ ಇದೆಯಲ್ಲ ಮೂರ್ತಿಗಳೇ? ಮೊದಲ ಸಲ ಬಂದೋರು ಒಲೆ ಮುಟ್ಟೋ ಹಾಗಿಲ್ಲ, ಹಳಬರೇ ಬೇಯಿಸಿ ಬಡಿಸ್ಬೇಕು ಅಂತ. ಇವರೇ ಮಾಡಿದ್ದು. ಮನೇಲಿ ಎಷ್ಟು ಹೆಮ್ಮೆಯಿಂದ ಹೇಳೋರು."

"ಹೌದಮ್ಮ, ಆದ್ರೆ ಅದು ಹೊಸಬರಿಗೆ..."

"ನಾನು ಇಲ್ಲಿಗೆ ಎಷ್ಟು ಸಲ ಬಂದಿದ್ದೀನಿ?"

ಅತ್ತೆ ಕಳಿಸಿದ ಚಟ್ನಿಪುಡಿ, ಉಪ್ಪಿನಕಾಯಿ ಅಲ್ಲಿ ತಿಂದೂ ತಿಂದೂ, ಅತ್ತೆ ಅಲ್ಲಿಗೆ ಕಾಲಿಟ್ಟೇ ಇಲ್ಲವೆಂಬುದು ಆ ಮಹನೀಯರಿಗೆ ಮರೆತೇ ಹೋಗಿತ್ತು. ಮೂರ್ತಿಗಳು ಒಮ್ಮೆ ಫೋಟೋದತ್ತ ನೋಡಿ, ಶರ್ಟಿನ ತೋಳು ಮಡಚಿ, ಈರುಳ್ಳಿ ಕೈಗೆತ್ತಿಕೊಂಡರು. ನಾನು ಸಹಾಯಕ್ಕೆ ಏಳಹೋದೆ. ಅತ್ತೆ ಸೆರಗು ಹಿಡಿದು ಕೂರಿಸಿದರು.

"ನೀನೂ ಹೊಸಬಳೇ."

ಉಪ್ಪಿಟ್ಟು ಗಂಟುಗಂಟಾಗಿತ್ತು, ಉಪ್ಪೂ ಕಮ್ಮಿ. ಮೂರ್ತಿಗಳು ಮೊದಲ ತಟ್ಟೆಯನ್ನು ಅತ್ತೆಯ ಕೈಗೇ ಕೊಟ್ಟರು. ಮನೆಯಲ್ಲಿ ಎಲ್ಲರದೂ ಮುಗಿದ ಮೇಲೆ, ಆರಿದ್ದನ್ನೇ ಉಣ್ಣುತ್ತಿದ್ದವರು ಅವರು. ಆ ರಾತ್ರಿ ಬೆಂಚಿನ ಮೇಲೆ ಕಾಲು ಮಡಚಿ ಕೂತು, ಉಳಿದವರಿಗೆ ಬಡಿಸಿದರೋ ಇಲ್ಲವೋ ಎಂದು ನೋಡದೆ, ಬಿಸಿಬಿಸಿಯನ್ನು ಊದಿಕೊಂಡು ತಿನ್ನತೊಡಗಿದರು.