ಅತ್ತಿಗೆಯ ಸ್ಟೀರಿಂಗು

ಆ ಟ್ರ್ಯಾಕ್ಟರಿಗೆ ವಯಸ್ಸೆಷ್ಟು ಎಂದು ಯಾರಾದರೂ ಕೇಳಿದರೆ ಅಣ್ಣ, "ನನಗಿಂತ ಚಿಕ್ಕದು, ನನ್ನ ಹೆಂಡತಿಗಿಂತ ದೊಡ್ಡದು" ಎನ್ನುತ್ತಿದ್ದ. ಒಳಗಿನಿಂದ ಅತ್ತಿಗೆ, "ನಿಮಗಿಂತ ಅದೇ ವಾಸಿ. ನಾಲ್ಕು ಸಲ ಹ್ಯಾಂಡಲ್ ಹೊಡೆದ್ರೆ ಓಗೊಡತ್ತೆ" ಎಂದು ತಿರುಗಿಸಿ ಕೊಡುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಶೆಡ್ಡಿನ ಮೂಲೆಯಲ್ಲಿ ಕೂತು ವಯರು ಸುಲಿಯುತ್ತಿದ್ದ ತಮ್ಮ ಮಾತ್ರ ನಗುತ್ತಿರಲಿಲ್ಲ, ಸಾವಿರ ಸಲ ಕೇಳಿ ಅವನ ಕಿವಿ ತೂತು ಬಿದ್ದಿತ್ತು.

ಮನೆಗೆ ಅಂಟಿಕೊಂಡ ತಗಡಿನ ಶೆಡ್ಡು ಅದು. ಬಾಗಿಲ ಮೇಲೆ "ಎಲ್ಲ ತರಹದ ವಯರಿಂಗ್ ಮಾಡಲಾಗುವುದು" ಎಂದು ಅಣ್ಣ ಕೈಯಾರೆ ಬರೆದ ಹಲಗೆ. ಬಿಸಿಲಿಗೆ 'ವಯರಿಂಗ್' ಅಳಿಸಿಹೋಗಿ ಈಗ "ಎಲ್ಲ ತರಹದ ಮಾಡಲಾಗುವುದು" ಎಂದಷ್ಟೇ ಉಳಿದಿತ್ತು. ಅಣ್ಣ, ತಮ್ಮ ಇಬ್ಬರೂ ಗಾಡಿಗಳ ಕರೆಂಟಿನ ಕೆಲಸದವರು. ಕೆಲಸ ಕಲಿಸಿದವನು ಅಣ್ಣ, ಬೈಸಿಕೊಂಡು ಕಲಿತವನು ತಮ್ಮ. ಅತ್ತಿಗೆ ಟ್ರ್ಯಾಕ್ಟರಿಗೆ ಟ್ರೈಲರ್ ಕಟ್ಟಿಕೊಂಡು ಭಟ್ಟಿಯಿಂದ ಕಟ್ಟಡಗಳಿಗೆ ಇಟ್ಟಿಗೆ ಹೊಡೆಯುತ್ತಿದ್ದಳು. ಕಿರಿದಾದ ಗಲ್ಲಿಯಲ್ಲಿ ಅವಳು ರಿವರ್ಸ್ ತೆಗೆಯುವುದನ್ನು ನೋಡಲು ಕಟ್ಟಡದ ಮೇಸ್ತ್ರಿಗಳು ಕರಣೆ ಕೆಳಗಿಟ್ಟು ನಿಲ್ಲುತ್ತಿದ್ದರು. ಊರವರು ಅವಳಿಗೆ ಟಾಪ್‌ಗೇರು ಎಂದು ಹೆಸರಿಟ್ಟಿದ್ದರು. ಹಿಂದಿನಿಂದ ಹಾಗೆ ಕರೆದರೆ ಅವಳಿಗೆ ಒಳಗೊಳಗೇ ಖುಷಿ.

ಹೋದ ಚಳಿಗಾಲದಲ್ಲಿ ಸ್ಟಾರ್ಟಿಂಗ್ ಹ್ಯಾಂಡಲ್ ಹಿಮ್ಮುಖ ಒದ್ದು ಅವಳ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬಲ ಕೂಡಲಿಲ್ಲ. ಲೋಡು ಹೊತ್ತ ಟ್ರ್ಯಾಕ್ಟರಿನ ಸ್ಟೀರಿಂಗ್ ತಿರುಗಿಸುವಾಗ ಅವಳು ತುಟಿ ಕಚ್ಚುವುದನ್ನು ಅಣ್ಣ ಒಂದು ವಾರ ನೋಡಿದ. ಆಮೇಲೆ ತಮ್ಮನನ್ನು ಕರೆದು ಹೇಳಿದ: "ಈ ಹ್ಯಾಂಡಲ್ಲೇ ಬೇಡ. ಆರು ವೋಲ್ಟಿನ ಬ್ಯಾಟರಿ ಕಿತ್ತು ಹನ್ನೆರಡರದು ಮಾಡೋಣ, ಸೆಲ್ಫ್ ಒತ್ತಿದ್ರೆ ಗುಡುಗಬೇಕು. ಹಾಗೇ ಒಂದು ಪವರ್ ಸ್ಟೀರಿಂಗ್ ಕೂರಿಸೋಣ. ಅವಳು ಒಂದು ಬೆರಳಲ್ಲಿ ಓಡಿಸಬೇಕು."

ಆಗಲೇ ಅಣ್ಣನ ತಲೆಯೊಳಗೆ ಏನೋ ಸಡಿಲವಾಗತೊಡಗಿತ್ತು. ಬಂದ ಗಿರಾಕಿಗಳನ್ನೆಲ್ಲ "ಯಜಮಾನ್ರೇ" ಎಂದು ಕರೆಯುತ್ತಿದ್ದ. ಈ ಒರಟನಿಗೆ ಈ ವಯಸ್ಸಿನಲ್ಲಿ ಇದೇನು ಮರ್ಯಾದೆ ಎಂದು ಜನ ಬೆರಗಾದರು. ಅವನಿಗೆ ಯಾರ ಹೆಸರೂ ನೆನಪಿಗೆ ಬಾರದು ಎಂದು ಅತ್ತಿಗೆಗೆ ಗೊತ್ತಿತ್ತು, ತಮ್ಮನಿಗೆ ಗೊತ್ತಿರಲಿಲ್ಲ. ಅವಳು ಗಂಡನ ಮಾನ ಕಾಯುತ್ತ ಬಾಯಿ ಬಿಟ್ಟಿರಲಿಲ್ಲ.

ಎಂಜಿನ್ನಿನ ಪಕ್ಕ ಜಾಗ ಇದ್ದದ್ದೇ ಅಂಗೈಯಗಲ. ಬ್ಯಾಟರಿಗೆ ಕರೆಂಟು ತುಂಬುವ, ದಪ್ಪ ಹೊಟ್ಟೆಯ ಹಳೇ ಡೈನಮೋ ಕೂತರೆ ಸ್ಟೀರಿಂಗಿನ ಪಂಪಿಗೆ ಜಾಗವಿಲ್ಲ. ಅದನ್ನು ಕಿತ್ತು ಅದೇ ಕೆಲಸದ ಸಣ್ಣ ಆಲ್ಟರ್ನೇಟರ್ ಹಾಕಿದರೆ ಎರಡೂ ಕೂರುತ್ತವೆ. ಇನ್ನೊಂದು ವಿಷಯವಿತ್ತು. ಆ ಕಾಲದ ಆ ಟ್ರ್ಯಾಕ್ಟರಿನಲ್ಲಿ ಬ್ಯಾಟರಿಯ ಪ್ಲಸ್ಸು ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಮೈಗೆ, ಹೋಗುತ್ತಿತ್ತು. ಹೊಸ ಆಲ್ಟರ್ನೇಟರಿಗೆ ಮೈನಸ್ಸೇ ಚಾಸಿಗೆ ಹೋಗಬೇಕು. ಅದಲುಬದಲಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸುಟ್ಟು ಹೊಗೆ.

ತಮ್ಮ ಎಲ್ಲ ಕೂರಿಸಿದ. ಸ್ಟೀರಿಂಗ್ ಮಾತ್ರ ಬಲಕ್ಕೆ ತಿರುಗಿಸಿದರೆ ನರಳುತ್ತಿತ್ತು, ಮೊದಲಿಗಿಂತ ಗಟ್ಟಿ. ಎಣ್ಣೆ ಬದಲಿಸಿದ, ಗಾಳಿ ತೆಗೆದ, ಬೆಲ್ಟು ಬಿಗಿದ, ಬೈದ. ಏನೂ ಉಪಯೋಗವಾಗಲಿಲ್ಲ. ಅಣ್ಣ ಬಂದು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತ. "ದಾರ ತಗೊಂಡ್ ಬಾರೋ" ಎಂದ. ಒಂದು ತುದಿ ತಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಹಿಡಿದು, ಬೆಲ್ಟು ಓಡುವ ಪುಲ್ಲಿಗಳ ಮುಖದ ಮೇಲೆ ಬಿಗಿಯಾಗಿ ಎಳೆದ. ಮೂರರಲ್ಲಿ ಪಂಪಿನ ಪುಲ್ಲಿ ಮಾತ್ರ ಉಗುರಿನಷ್ಟು ಒಳಗಿತ್ತು. "ಬೆಲ್ಟು ಜಾರ್ತಾ ಇದೆ. ಒಂದು ವಾಷರ್ ಹಾಕು" ಎಂದು ಹೇಳಿ ಕೈ ಒರೆಸಿಕೊಂಡು ಹೋದ.

ವಾಷರ್ ಹಾಕಿದ ಮೇಲೆ ಅತ್ತಿಗೆ ಹತ್ತಿ ಕೂತಳು. ತೋರುಬೆರಳೊಂದನ್ನೇ ಸ್ಟೀರಿಂಗಿಗೆ ಸಿಕ್ಕಿಸಿ ಅಂಗಳದಲ್ಲಿ ಸುತ್ತು ಹೊಡೆದಳು. "ನೋಡ್ರೀ! ಒಂದೇ ಬೆರಳು!" ಎಂದು ಚಿಕ್ಕ ಹುಡುಗಿಯ ಹಾಗೆ ಕೂಗಿದಳು. ಅಣ್ಣ ಬಾಗಿಲಿಗೆ ಒರಗಿ ನೋಡುತ್ತಿದ್ದ. ಅವನ ಮುಖದಲ್ಲಿ ಅಷ್ಟು ತೃಪ್ತಿಯನ್ನು ತಮ್ಮ ಬಹಳ ದಿನಗಳಿಂದ ಕಂಡಿರಲಿಲ್ಲ.

ಮರುದಿನ ಆಲ್ಟರ್ನೇಟರ್ ಸುಟ್ಟಿತು. ಅದನ್ನು ಮಾರಿದ ಅಂಗಡಿಗೆ ತಮ್ಮ ಹೋಗಿ ಬಾಯಿಗೆ ಬಂದಂತೆ ಬೈದ. ಅಂಗಡಿಯವನು ಮೂಸಿ ನೋಡಿ, "ಬ್ಯಾಟರಿ ಉಲ್ಟಾ ಕೊಟ್ಟಿದೀರಿ" ಎಂದ. "ನನಗೇ ಹೇಳಿಕೊಡೋಕೆ ಬಂದ" ಎಂದು ತಮ್ಮ ಹಲ್ಲು ಕಡಿಯುತ್ತ ಇನ್ನೊಂದು ತಂದು ಹಾಕಿದ. ಬೆಳಿಗ್ಗೆ ಶೆಡ್ಡಿಗೆ ಬಂದರೆ ಅಣ್ಣ ಸ್ಪ್ಯಾನರ್ ಹಿಡಿದು ಬ್ಯಾಟರಿಯ ಮೇಲೆ ಬಗ್ಗಿದ್ದ.

"ಯಾವ ಕತ್ತೆ ಇದನ್ನ ಉಲ್ಟಾ ಕೊಟ್ಟಿದ್ದು? ಪ್ಲಸ್ಸು ಚಾಸಿಗೆ ಅಂತ ಬಡ್ಕೊಂಡ್ ಬಡ್ಕೊಂಡ್ ಸಾಕಾಯ್ತು."

"ಅಣ್ಣಾ, ಈಗ ಹನ್ನೆರಡು ವೋಲ್ಟು ಮಾಡಿದೀವಲ್ಲ. ನೀನೇ ಹೇಳಿದ್ದು."

ಅಣ್ಣ ತಲೆ ಎತ್ತಿದ. ಮೊದಲು ಕೋಪ ಬಂತು, ಕೋಪ ಇಳಿದು ಹೆದರಿಕೆ ಬಂತು. ಕೊನೆಗೆ ಒಂದು ನಯವಾದ ನಗೆ ನಕ್ಕು, "ಹೌದಲ್ವೇ ಯಜಮಾನ್ರೇ" ಎಂದ.

ತನ್ನ ಅಣ್ಣ ತನ್ನನ್ನೇ ಯಜಮಾನರೇ ಎಂದದ್ದನ್ನು ತಮ್ಮ ಅತ್ತಿಗೆಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ನಿಂಗೂ ಗೊತ್ತಾಯ್ತಾ" ಎಂದಷ್ಟೇ ಅಂದಳು.

ಶೆಡ್ಡಿಗೆ ಬೀಗ ಹಾಕಿ ನೋಡಿದರು. ಅಣ್ಣ ಊಟ ಬಿಟ್ಟು, ಸ್ಪ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಿದ ಬಾಗಿಲ ಮುಂದೆ ದಿನವಿಡೀ ಕೂತ. ರಸ್ತೆಯಲ್ಲಿ ಹೋಗುವವರು "ಏನಣ್ಣಾ, ಬೀಗದ ಕೈ ಕಳೀತಾ?" ಎಂದು ಕೇಳಿದರು. ನೋಡಲಾರದೆ ಅತ್ತಿಗೆಯೇ ಬೀಗ ತೆಗೆದಳು. ಎರಡನೇ ಆಲ್ಟರ್ನೇಟರೂ ಸುಟ್ಟಿತು.

ಆಮೇಲೆ ತಮ್ಮ ಒಂದು ಉಪಾಯ ಹೂಡಿದ. ಚಾಸಿಗೆ ಹೋದದ್ದು ಪ್ಲಸ್ಸೇ ಎಂದು ಕಾಣಲೆಂದು ಬ್ಯಾಟರಿಯ ಮೈನಸ್ಸಿಗೆ ಕೆಂಪು ಬಣ್ಣ ಬಳಿದು ಪ್ಲಸ್ಸಿನ ಗುರುತು ಹಾಕಿದ, ಪ್ಲಸ್ಸಿಗೆ ಕಪ್ಪು ಬಳಿದ. ಅಣ್ಣ ಬಂದು ನೋಡಿದ, ತಲೆಯಾಡಿಸಿದ. ಆದರೆ ಕೈ ಸುಮ್ಮನಿರಬೇಕಲ್ಲ! ಎರಡು ಬೆರಳಿನಿಂದ ಬ್ಯಾಟರಿಯ ಮೂತಿಗಳನ್ನು ಸವರಿದ. ಪ್ಲಸ್ಸಿನ ಮೂತಿ ಯಾವತ್ತೂ ಒಂದು ಕೂದಲು ದಪ್ಪ. "ನನ್ನ ಕಣ್ಣಿಗೇ ಮಣ್ಣೆರಚ್ತೀರೇನ್ರೀ?" ಎಂದು ಕೇಳಿದ. ಧ್ವನಿಯಲ್ಲಿ ಕೋಪವಿರಲಿಲ್ಲ, ನೋವಿತ್ತು. ತಮ್ಮ ನಾಚಿಕೆಯಿಂದ ಭೂಮಿಗಿಳಿದುಹೋದ.

ಮೂರನೇ ಆಲ್ಟರ್ನೇಟರ್ ಸುಡುವಾಗ ಅತ್ತಿಗೆ ಸೀಟಿನ ಮೇಲಿದ್ದಳು. ಡೀಸೆಲ್ ಟ್ಯಾಂಕಿನ ಕೆಳಗಿನ ವಯರು ಹೊತ್ತಿಕೊಂಡಿತು. ಎಲ್ಲರಿಗಿಂತ ಮೊದಲು ಓಡಿಬಂದವನು ಅಣ್ಣ. ಉರಿಯುವ ವಯರನ್ನು ಬರಿಗೈಯಿಂದ ಹಿಡಿದು ಕಿತ್ತೆಸೆದ. ಬೊಬ್ಬೆ ಎದ್ದ ಅಂಗೈಗೆ ಮುಲಾಮು ಹಚ್ಚಿಸಿಕೊಳ್ಳುತ್ತ, "ನಾನು ಸರಿಯಾಗೇ ಕೊಟ್ಟಿದ್ದೆ ಕಣೇ. ಯಾರೋ ನನ್ನ ಮೇಲೆ ಹಟಕ್ಕೆ ಬಿದ್ದಿದಾರೆ" ಎಂದು ಅತ್ತ. ಅಣ್ಣ ಅತ್ತಿದ್ದನ್ನು ತಮ್ಮ ಅವತ್ತೇ ಮೊದಲು ಕಂಡದ್ದು.

ಅಣ್ಣ ಮಲಗಿದ ಮೇಲೆ ಅತ್ತಿಗೆ ಅಡಿಗೆಮನೆಯ ಹೊಸ್ತಿಲಿಗೆ ಬಂದಳು.

"ತಮ್ಮಾ, ಹಳೇದನ್ನೇ ಹಾಕಿಬಿಡು."

"ಡೈನಮೋ ಹಾಕಿದ್ರೆ ಪಂಪು ತೆಗೀಬೇಕು ಅತ್ತಿಗೆ."

"ಗೊತ್ತು."

"ನಿಮ್ಮ ಕೈಲಿ ಸ್ಟೀರಿಂಗ್ ತಿರುಗಲ್ಲ. ಇಟ್ಟಿಗೆ ಹೊಡೆಯೋದು ನಿಲ್ಲತ್ತೆ."

"ಯಾರಾದ್ರೂ ಡ್ರೈವರ್ ಸಿಗ್ತಾನೆ ಬಿಡು. ನಾನು ಓಡಿಸಿದ್ದು ಸಾಕು." ಅವಳು ಬಲಗೈಯನ್ನು ಎಡಗೈಯಿಂದ ನೀವಿಕೊಂಡಳು. "ಅವರಿಗೆ ಉಳಿದಿರೋದು ಅದೊಂದೇ ತಮ್ಮಾ. ಅದೂ ತಪ್ಪು, ತಪ್ಪು ಅಂತ ದಿನಾ ಹೇಳ್ತಾ ಇದ್ರೆ ಆ ಮನುಷ್ಯ ಎಲ್ಲಿಗೆ ಹೋಗ್ಬೇಕು?"

ಸಾಕು ಅಂದಳಲ್ಲ, ಅದು ಶುದ್ಧ ಸುಳ್ಳು. ಟಾಪ್‌ಗೇರಿಗೆ ಸಾಕಾಗುವುದು ಅಂದರೇನು! ಆದರೆ ತಮ್ಮ ಎದುರಾಡಲಿಲ್ಲ. ಮಾರನೇ ದಿನ ಕೈಗೆ ಪಟ್ಟಿ ಹಾಕಿಸಲು ಅಣ್ಣನನ್ನು ಅತ್ತಿಗೆ ಕರೆದುಕೊಂಡು ಹೋದಾಗ ಪಂಪು ಬಿಚ್ಚಿ ಗೋಣಿಚೀಲಕ್ಕೆ ಹಾಕಿದ. ಪೈಪುಗಳಿಂದ ಎಣ್ಣೆ ಸೋರಿ ನೆಲ ಒದ್ದೆಯಾಯಿತು. ಡೈನಮೋ ಎತ್ತಿ ಹಳೇ ಜಾಗದಲ್ಲಿ ಕೂರಿಸಿದ. ಆರು ವೋಲ್ಟಿನ ಬ್ಯಾಟರಿ ಹುಡುಕಿ ತಂದು, ಪ್ಲಸ್ಸನ್ನು ಚಾಸಿಗೆ ಬಿಗಿದ. ಬಿಗಿಯುವಾಗ ಕಣ್ಣು ಮಂಜಾಗಿ ನಟ್ಟು ಎರಡು ಸಲ ಕೈ ತಪ್ಪಿತು.

ಸಂಜೆ ಅಣ್ಣ ಬಂದ. ಪಟ್ಟಿ ಕಟ್ಟದ ಕೈಯಿಂದ ಬ್ಯಾಟರಿಯ ಮೂತಿ ಸವರಿದ. ದಪ್ಪನೆಯದರಿಂದ ಹೊರಟ ವಯರಿನ ಮೇಲೆ ಬೆರಳಾಡಿಸುತ್ತ ಚಾಸಿಯವರೆಗೆ ಹೋದ.

"ಹಾಂ. ಈಗ ನೋಡಿ ಲಕ್ಷಣವಾಗಿದೆ. ಇಷ್ಟು ದಿನ ಯಾವ ಕತ್ತೆ ಕೆಡಿಸಿದ್ದು?"

"ನಾನೇ ಆ ಕತ್ತೆ."

ಅಣ್ಣ ಜೋರಾಗಿ ನಕ್ಕ. ಎಷ್ಟೋ ತಿಂಗಳ ಮೇಲೆ ಕೇಳಿದ ಹಳೇ ನಗೆ ಅದು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯೂ ನಕ್ಕಳು. ಅಣ್ಣ ಮೆಲ್ಲಗೆ ಸೀಟು ಹತ್ತಿ, ಸ್ಟೀರಿಂಗ್ ಹಿಡಿದು ಬಲಕ್ಕೆ ಎಳೆದ. ನಗೆ ನಿಂತಿತು. ಇನ್ನೊಮ್ಮೆ ಎಳೆದು ನೋಡಿದ.

"ಯಜಮಾನ್ರೇ, ಇದು ತುಂಬಾ ಗಟ್ಟಿ ಇದೆ" ಎಂದ. ಅತ್ತಿಗೆಗೆ ಕೇಳಿಸಬಾರದೆಂದು ದನಿ ತಗ್ಗಿಸಿದ. "ನನ್ನ ಹೆಂಡತಿ ಓಡಿಸೋ ಗಾಡಿ. ಅವಳ ಮಣಿಕಟ್ಟು ಮುರಿದಿದೆ, ಪಾಪ. ನೋವಾದ್ರೂ ಬಾಯಿ ಬಿಡಲ್ಲ. ಇದಕ್ಕೊಂದು ಪವರ್ ಸ್ಟೀರಿಂಗ್ ಕೂರಿಸಿಕೊಡ್ತೀರಾ? ಒಂದು ಬೆರಳಲ್ಲಿ ತಿರುಗಬೇಕು."

ಪಂಪಿನ ಗೋಣಿಚೀಲ ತಮ್ಮನ ಕಾಲ ಬುಡದಲ್ಲೇ ಇತ್ತು. ಬಾಗಿಲಲ್ಲಿದ್ದ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ದನಿ ಎಷ್ಟು ತಗ್ಗಿಸಿದ್ದರೂ ಅವಳಿಗೆ ಎಲ್ಲ ಕೇಳಿಸಿತ್ತು.

ಅಣ್ಣ ಆಗಲೇ ಕೆಳಗಿಳಿದು ಎಂಜಿನ್ನಿನ ಪಕ್ಕ ಬಗ್ಗಿದ್ದ. "ಈ ಡೈನಮೋ ಕಿತ್ತರೆ ಜಾಗ ಆಗತ್ತೆ ನೋಡಿ. ಎಲ್ಲಿ, ದಾರ ತಗೊಂಡ್ ಬನ್ನಿ, ಅಳತೆ ನೋಡೋಣ."

ತಮ್ಮ ದಾರ ತಂದು ಒಂದು ತುದಿಯನ್ನು ಅಣ್ಣನ ಕೈಗೆ ಕೊಟ್ಟ, ಇನ್ನೊಂದನ್ನು ತಾನು ಹಿಡಿದುಕೊಂಡ.