ಒರಳಿನಲ್ಲಿ ನಿಂತ ಹಂದರ

ಅತ್ತಿಗೆ ಹೊನ್ನೂರಮ್ಮ ತವರಿಗೆ ಹೋಗುತ್ತೇನೆಂದು ಹೇಳಿದ್ದು ೧೯೫೧ರ ಯುಗಾದಿ ಕಳೆದ ಮೇಲೆ. ಆಗ ಅವಳಿಗೆ ಆರು ತಿಂಗಳು. ಮೊದಲನೆಯ ಕೂಸು ದೇಶನೂರಿನ ತವರಿನಲ್ಲಿ ಹೆರಿಗೆಯ ಹೊತ್ತಿಗೇ ತೀರಿಹೋಗಿತ್ತು. ಈ ಸಲ ಬಳ್ಳಾರಿಯಲ್ಲೇ, ಆಸ್ಪತ್ರೆಗೆ ಹತ್ತಿರ ಇರಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಅದು ಅವಳಿಗೂ ಗೊತ್ತಿತ್ತು. ಆದರೆ ನಮ್ಮ ಮನೆಯ ಬೇಸಿಗೆಯನ್ನು ತಾಳುವುದು ಅವಳಿಂದ ಆಗಲಿಲ್ಲ.

ಮುಂದಿನ ಕಟ್ಟೆ ಗಂಡಸರದು. ಹೆಂಗಸರಿಗೆ ಇದ್ದದ್ದು ಹಿತ್ತಲು. ನಾಲ್ಕು ಹೊರಸು ಹಾಕಿದರೆ ತುಂಬುವಷ್ಟು ಜಾಗ. ಚೇಳು ಬರುತ್ತವೆಂದು ಅಣ್ಣ ಎರ್ರಿಸ್ವಾಮಿ ಹಿಂದಿನ ವರ್ಷ ಅಲ್ಲಿಗೆಲ್ಲ ಸಿಮೆಂಟು ಹಾಕಿಸಿದ್ದ. ಆಮೇಲೆ ಚೇಳೂ ಬರಲಿಲ್ಲ, ನಾವೂ ಹೋಗಲಿಲ್ಲ. ಎದುರಿಗೆ ಗುಡ್ಡದ ಬಂಡೆ ಕಾದರೆ ಇಲ್ಲಿ ನೆಲ ಕಾಯುತ್ತಿತ್ತು. ಹೊತ್ತು ಮುಳುಗಿದರೂ ಅಂಗಾಲು ಇಡುವಂತಿರಲಿಲ್ಲ. ಒಳಗೆ ಒಲೆಯ ಸೆಕೆ. ಅತ್ತಿಗೆ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಬರುವ ಸೋಮವಾರ ಗಾಡಿ ತರುತ್ತೇನೆಂದು ಅವಳ ತಮ್ಮ ಹುಲುಗಪ್ಪ ಹೇಳಿಕಳಿಸಿದ.

ಹಿತ್ತಲಿಗೆ ಹಂದರ ಹಾಕಿಸೋಣವೆಂದು ಅಣ್ಣ ಹೇಳಿದಾಗ ಅವ್ವ ತಡೆದಳು. ಮನೆಯಲ್ಲಿ ಬಸುರಿ ಇದ್ದಾಗ ನೆಲ ಅಗೆಯಬಾರದು, ಕಂಬ ನೆಡಬಾರದು. ಹಿಂದಿನ ಸಲ ಅಣ್ಣ ಎಮ್ಮೆ ಕಟ್ಟಲು ಒಂದು ಕಂಬ ನೆಟ್ಟಿದ್ದ. ಅವ್ವನ ಮನಸ್ಸಿನಲ್ಲಿ ಆ ಕಂಬಕ್ಕೂ ಕೂಸಿನ ಸಾವಿಗೂ ಗಂಟು ಬಿದ್ದಿತ್ತು. ಬಿ.ಎ. ಓದಿದವಳು ನಾನು. ಹೇಳಬೇಕಾದ ಮಾತನ್ನೆಲ್ಲ ದಿನಚರಿಯಲ್ಲಿ ಬರೆದೆ. ಬಾಯಿಬಿಟ್ಟು ಒಂದೂ ಹೇಳಲಿಲ್ಲ.

ಬುಧವಾರ ಅವ್ವ ಕುರುಗೋಡಿಗೆ, ಚಿಕ್ಕಮ್ಮನ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದಳು. ಅತ್ತಿಗೆ ಬಾಗಿಲ ಒಳಗೆ ಮಣೆ ಹಾಕಿ ಕುಳಿತು, ಹಿತ್ತಲ ಮೂಲೆಯ ಒರಳುಕಲ್ಲನ್ನೇ ಬಹಳ ಹೊತ್ತು ನೋಡುತ್ತಿದ್ದಳು.

"ಪಾರಿ, ಒರಳಿಗೆ ಕುಣಿ ಮೊದಲಾ ಐತಲ್ಲ. ನಾವು ಅಗಿಯೂದು ಏನೈತಿ?"

ಪಕ್ಕದ ಮನೆಯ ಮಾರೆಮ್ಮ ಹೊಸ ಒರಳು ತಂದ ಮೇಲೆ ತಳ ಸವೆದ ಹಳೆಯದು ಅಲ್ಲಿ ಸುಮ್ಮನೆ ಬಿದ್ದಿತ್ತು. ಮಾರೆಮ್ಮನೂ ನಾನೂ ಅದನ್ನು ಉರುಳಿಸಿಕೊಂಡು ತಂದೆವು, ನಮ್ಮದು ಎರಡನೆಯದಾಯಿತು. ಒಂದೊಂದರ ಕುಣಿಯಲ್ಲಿ ಒಂದೊಂದು ಬಿದಿರ ಗಳ ನಿಲ್ಲಿಸಿ, ಸುತ್ತ ಹೆಂಚಿನ ಚೂರು ಬಡಿದು ಬಿಗಿ ಮಾಡಿದೆವು. ಆ ಕಡೆ ಗಳ, ಈ ಕಡೆ ಮನೆಯ ಸೂರು. ನಡುವೆ ಅಡ್ಡಗಳ, ಹಗ್ಗ, ಅದರ ಮೇಲೆ ಜೊಂಡಿನ ಚಾಪೆ, ನೆಲ್ಲುಹುಲ್ಲು. ಅತ್ತಿಗೆ ಮಣೆ ಬಿಟ್ಟು ಏಳಲಿಲ್ಲ. ಗದ್ದೆಯಲ್ಲಿ ಆಳು ನಡೆಸಿ ಬೆಳೆದವಳು. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕೆಂದು ಕುಳಿತಲ್ಲಿಂದಲೇ ಹೇಳಿದಳು. ಒಂದು ಗಂಟನ್ನೂ ನಾವು ಎರಡು ಸಲ ಕಟ್ಟಬೇಕಾಗಲಿಲ್ಲ.

"ಹಂದರ ಆತು. ಮದುವಿ ಯಾರದು, ಪಾರಿದೇನು?" ಎಂದಳು ಮಾರೆಮ್ಮ. ನಾನು ತಲೆ ತಗ್ಗಿಸಿ ಸುಣ್ಣ ಕಲಸಿದೆ.

ಗೋಡೆಗೆ ಸುಣ್ಣ ಬಳಿದೆವು. ಬಿರುಕು ಬಿಟ್ಟ ಗಡಿಗೆಗಳಿಗೆ ಮಣ್ಣು ತುಂಬಿ, ಮಾರೆಮ್ಮ ಕೊಟ್ಟ ಕಾಮಕಸ್ತೂರಿ, ದವನದ ಸಸಿ ಇಟ್ಟೆವು. ನೆಲಕ್ಕೆ ಗೋಣಿತಾಟು ಹಾಸಿ ನೀರು ಚಿಮುಕಿಸಿದರೆ, ಗಾಳಿ ಬಂದಾಗ ಒದ್ದೆ ಗೋಣಿಯ ತಂಪೂ ಕಾಮಕಸ್ತೂರಿಯ ವಾಸನೆಯೂ ಒಟ್ಟಿಗೆ ಬರುತ್ತಿದ್ದವು. ಗುರುವಾರ ಮಧ್ಯಾಹ್ನ ಹೊರಸಿನ ಮೇಲೆ ಒರಗಿದ ಅತ್ತಿಗೆಗೆ ಸಂಜೆಯವರೆಗೆ ಎಚ್ಚರವಾಗಲಿಲ್ಲ. ಕೆಲಸದಿಂದ ಬಂದ ಅಣ್ಣ ಬಾಗಿಲಲ್ಲೇ ನಿಂತು, ಯಾರದೋ ಮನೆಗೆ ಬಂದವನ ಹಾಗೆ ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದ.

ಭಾನುವಾರ ಅವ್ವ ಬಂದಳು. ಹಂದರ ಕಂಡು ಅವಳ ಮುಖ ಬಿಗಿಯಿತು. ಅತ್ತಿಗೆ ಗಳದ ಬುಡ ತೋರಿಸಿದಳು. ಅವ್ವ ಬಾಗಿ, ನೆಲದ ಮೇಲೆ ಒಂದು ಗೆರೆಯೂ ಬಿದ್ದಿಲ್ಲದ್ದನ್ನು ಕೈಯಾಡಿಸಿ ನೋಡಿ, ಒಳಗೆ ಹೋದಳು. ನಮಗೆ ಹೋದ ಜೀವ ಬಂತು. ಸ್ವಲ್ಪ ಹೊತ್ತಿಗೆ ಹುರಿದ ಮೆಣಸಿನಕಾಯಿ, ಶೇಂಗಾ ತಟ್ಟೆಯಲ್ಲಿ ಹಾಕಿಕೊಂಡು ಚಟ್ನಿ ಅರೆಯಲು ಹೊರಬಂದಳು.

ಆಗಲೇ ನಮಗೆ ನೆನಪಾದದ್ದು. ನಾಲ್ಕು ದಿನ ಚಟ್ನಿಪುಡಿಯಲ್ಲೇ ಊಟ ಮುಗಿಸಿದ್ದ ನಾವು, ಮನೆಗೆ ಇರುವುದು ಅದೊಂದೇ ಒರಳು ಎನ್ನುವುದನ್ನೇ ಮರೆತಿದ್ದೆವು.

"ಒರಳು ಅಂದ್ರ ಲಕ್ಷ್ಮಿ. ಅದಕ್ಕ ಗಳ ಬಡದೀರಿ," ಎಂದು ಅವ್ವ ತಟ್ಟೆ ಕೆಳಗಿಟ್ಟು ಗಳಕ್ಕೆ ಕೈ ಹಾಕಿದಳು.

ಮೇಲೆ ಚಾಪೆ ಅಲುಗಿ ಹುಲ್ಲು ಉದುರಿತು. ಅತ್ತಿಗೆ ನಾಳೆಯ ಗಾಡಿಗೆ ಮನಸ್ಸು ಮಾಡಿದವಳಂತೆ ಸೆರಗು ಸರಿಮಾಡಿಕೊಂಡು ಹೊರಸಿನಿಂದ ಏಳತೊಡಗಿದಳು. ನನ್ನ ಬಾಯಿಂದ ಮಾತು ಹೇಗೆ ಹೊರಟಿತೋ ನಾನರಿಯೆ.

"ಅವ್ವ, ಅತ್ತಿಗಿ ಮೂರು ದಿನ ಇಲ್ಲೇ ನಿದ್ದಿ ಮಾಡ್ಯಾಳ. ಎರಡೂ ಹೊತ್ತು ಉಂಡಾಳ."

ಅವ್ವ ಗಳ ಹಿಡಿದುಕೊಂಡೇ ಸೊಸೆಯ ಮುಖ ನೋಡಿದಳು. ಕುರುಗೋಡಿಗೆ ಹೋಗುವಾಗ ನೋಡಿದ್ದ ಮುಖವಲ್ಲ ಅದು. ಕೈ ನಿಧಾನವಾಗಿ ಸಡಿಲಿತು. ಆಮೇಲೆ ಪಕ್ಕದಲ್ಲಿದ್ದ ಒರಳಗುಂಡನ್ನು ಎತ್ತಿಕೊಂಡು, ತಾನು ಅಲುಗಿಸಿದ್ದ ಹೆಂಚಿನ ಚೂರನ್ನು ತಾನೇ ಬಡಿದು ಕೂಡಿಸಿದಳು.

"ಹುಲುಗಪ್ಪ ಬಂದ್ರ ಉಣ್ಣಾಕ ಹಾಕಿ ಖಾಲಿ ಗಾಡಿ ಕಳಸ್ರಿ. ಹೆರಿಗಿ ಆಗೂತನ ನಾ ಮಾರೆಮ್ಮನ ಮನ್ಯಾಗ ಅರೀತೀನಿ."

ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿ, ಕಾಮಕಸ್ತೂರಿಗೆ ಇನ್ನೂ ನೀರು ಹಾಕಿಲ್ಲವೆಂದು ನನ್ನನ್ನು ಬೈದಳು.